ಅಜ್ಜನ ಪಾಯಿಂಟ್ ಲೆಕ್ಕ

ಕಳೆದ ತಿಂಗಳು ಆಫೀಸಿನ ಕ್ಯಾಂಟೀನಿನಲ್ಲಿ ಸಹೋದ್ಯೋಗಿಯೊಬ್ಬಳು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, "ಇದನ್ನೊಮ್ಮೆ ನೋಡೋ, ನಂಗಂತೂ ತಲೆಬುಡ ಗೊತ್ತಾಗ್ತಿಲ್ಲ" ಅಂದಳು. ಅದು ಯಾವುದೋ ರಜೆ ಕ್ಲಬ್ಬಿನ ಖಾತೆ ವಿವರ. ವರ್ಷದ ಆರಂಭದಲ್ಲಿದ್ದ ಪಾಯಿಂಟ್, ಈ ವರ್ಷ ಬಂದ ಪಾಯಿಂಟ್, ಮುಂದಿನ ವರ್ಷದಿಂದ ಎರವಲು ತಂದ ಪಾಯಿಂಟ್, ಅವಧಿ ಮುಗಿದು ಸತ್ತ ಪಾಯಿಂಟ್. ಡಿಸೆಂಬರಿನಲ್ಲಿ ಮೂರು ರಾತ್ರಿ ಉಳಿಯಲು ಬೇಕಾದಷ್ಟು ಪಾಯಿಂಟಿಗೆ ಜುಲೈ ಮಳೆಯಲ್ಲಿ ವಾರಗಟ್ಟಲೆ ಉಳಿಯಬಹುದಂತೆ. "ನಾನು ಕೊಟ್ಟಿದ್ದು ದುಡ್ಡು. ಇದರಲ್ಲಿ ದುಡ್ಡೇ ಕಾಣ್ತಿಲ್ಲವಲ್ಲ" ಅನ್ನೋದು ಅವಳ ಪ್ರಶ್ನೆ.

ನನಗೆ ನಗು ಬಂತು. ಯಾಕಂದ್ರೆ ಇದೇ ಮಾತನ್ನು ನಮ್ಮಜ್ಜ ಸುಮಾರು ನಲವತ್ತು ವರ್ಷ ಹಿಂದೆ ಪೊನ್ನಂಪೇಟೆಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಹೇಳಿದ್ದರಂತೆ. ಅವರ ಕೈಯಲ್ಲಿದ್ದದ್ದು ರಜೆ ಕ್ಲಬ್ಬಿನ ಕಾಗದ ಅಲ್ಲ, ಕಾಫಿ ಪೂಲಿನ ಚೀಟಿ. ಆ ಚೀಟಿಯಿಂದ ನಮ್ಮ ಮನೆ ಎರಡಾಯಿತು.

ಕಾಫಿ ಬೆಳೆಯುವ ಮನೆಗಳ ಹೊರಗಿನವರಿಗೆ ಈ ಪೂಲ್ ಕಥೆ ಗೊತ್ತಿರುವುದಿಲ್ಲ. ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಎರಡನೇ ಮಹಾಯುದ್ಧ ಶುರುವಾದಾಗ ಭಾರತದ ಕಾಫಿಗೆ ಯುರೋಪಿನ ಮಾರುಕಟ್ಟೆ ಮುಚ್ಚಿಹೋಯಿತು. ಹಡಗಿಲ್ಲ, ಕೊಳ್ಳುವವರಿಲ್ಲ. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ಬೆಳೆದದ್ದು ಗೋದಾಮಿನಲ್ಲೇ ಕೊಳೆಯುವ ಸ್ಥಿತಿ. ಎಲ್ಲರೂ ಒಟ್ಟಿಗೆ ಮಾರಲು ಹೊರಟರೆ ಬೆಲೆ ನೆಲ ಕಚ್ಚುತ್ತದೆ. ಅದಕ್ಕೆ ಬ್ರಿಟಿಷ್ ಸರ್ಕಾರ 1940ರಲ್ಲಿ ಒಂದು ಸುಗ್ರೀವಾಜ್ಞೆ ತಂದಿತು, 1942ರಲ್ಲಿ ಅದು ಕಾಯ್ದೆಯಾಯಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಕಾಫಿ ಮಂಡಳಿ ಇಂದಿಗೂ ಇರುವುದು ಆ ಕಾಯ್ದೆಯ ಅಡಿಯಲ್ಲೇ.

ಮೊದಲಿನ ಯೋಚನೆ ಸರಳ. ಬೆಳೆಗಾರ ಒಂದಿಷ್ಟನ್ನು ದೇಶದೊಳಗೆ ತಾನೇ ಮಾರಬಹುದು, ಹೆಚ್ಚಾದದ್ದನ್ನು 'ಸರ್‌ಪ್ಲಸ್ ಪೂಲ್' ಅನ್ನುವ ಸಾಮೂಹಿಕ ರಾಶಿಗೆ ಒಪ್ಪಿಸಬೇಕು. ಆದರೆ ಕೆಲವೇ ವರ್ಷಗಳಲ್ಲಿ ತಾನೇ ಮಾರುವ ಪಾಲು ನಿಂತುಹೋಯಿತು. ಮನೆ ಬಳಕೆಗೆ, ಬಿತ್ತನೆಗೆ ಇಟ್ಟುಕೊಂಡದ್ದು ಬಿಟ್ಟರೆ ಉಳಿದ ಅಷ್ಟೂ ಪೂಲಿಗೆ. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ಪೂಲ್ ಮಾತ್ರ ಮುಗಿಯಲಿಲ್ಲ. ನಮ್ಮ ಕೆಲಸದಲ್ಲೂ ಹಾಗೇ ಅಲ್ವಾ? ತುರ್ತಿಗೆ ಅಂತ ಬರೆದ ಕೋಡು ಇಪ್ಪತ್ತು ವರ್ಷ ಪ್ರೊಡಕ್ಷನ್ನಿನಲ್ಲಿ ಓಡುತ್ತಿರುತ್ತದೆ. ಪೂಲು ಓಡಿದ್ದು ಐವತ್ತು ವರ್ಷಕ್ಕೂ ಹೆಚ್ಚು.

ಈಗ ಪಾಯಿಂಟಿಗೆ ಬರೋಣ. ಎಲ್ಲರ ಕಾಫಿಯೂ ಒಂದೇ ರಾಶಿಗೆ ಬಿದ್ದ ಮೇಲೆ ಯಾರಿಗೆ ಎಷ್ಟು ದುಡ್ಡು? ನಿಮ್ಮ ಮೂಟೆ ಬೆಂಗಳೂರಿನ ಹರಾಜಿನಲ್ಲಿ ಯಾವ ಬೆಲೆಗೆ ಹೋಯಿತು ಅಂತ ಬೇರೆ ಮಾಡಿ ಹೇಳುವ ಹಾಗಿಲ್ಲ. ಕಾಯ್ದೆಯ 34ನೇ ಕಲಮು ಒಂದು ಅನುಪಾತ ಹೇಳುತ್ತದೆ. ಆ ವರ್ಷದ ಬೆಳೆಯಲ್ಲಿ ಪೂಲಿಗೆ ಬಂದ ಎಲ್ಲ ಕಾಫಿಯ ಮೌಲ್ಯದಲ್ಲಿ ನಿಮ್ಮ ಕಾಫಿಯ ಮೌಲ್ಯ ಎಷ್ಟನೇ ಪಾಲೋ, ಬೆಳೆಗಾರರಿಗೆ ಹಂಚುವ ಒಟ್ಟು ಹಣದಲ್ಲಿ ನಿಮಗೆ ಸಿಗುವುದೂ ಅಷ್ಟನೇ ಪಾಲು. ಮ್ಯೂಚುವಲ್ ಫಂಡಿನಲ್ಲಿ ಯೂನಿಟ್ ಇಟ್ಟವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಇಲ್ಲಿ ಯೂನಿಟ್ಟಿನ ಹೆಸರು ಪಾಯಿಂಟ್.

ಮೂಟೆ ಕ್ಯೂರಿಂಗ್ ವರ್ಕ್ಸಿಗೆ ಹೋಗುತ್ತದೆ. ಅಲ್ಲಿ ಸಿಪ್ಪೆ ತೆಗೆದು, ಜರಡಿ ಹಿಡಿದು, ಆರಿಸಿ ದರ್ಜೆ ಮಾಡುತ್ತಾರೆ. ಪಿಬಿ, ಎ, ಎಬಿ, ಬಿ, ಸಿ, ಕೊನೆಗೆ ಕಪ್ಪು ಬೀಜ, ಚೂರು. ಒಂದೊಂದು ದರ್ಜೆಯ ಒಂದು ಕಿಲೋಗೆ ಇಂತಿಷ್ಟು ಪಾಯಿಂಟ್. ಅರೇಬಿಕಾಗೆ ಬೇರೆ, ರೊಬಸ್ಟಾಗೆ ಬೇರೆ. ತೊಳೆದು ಒಣಗಿಸಿದ ಪಾರ್ಚ್‌ಮೆಂಟಿಗೆ ಬೇರೆ, ಹಣ್ಣನ್ನು ಹಾಗೇ ಒಣಗಿಸಿದ ಚೆರಿಗೆ ಬೇರೆ. ಮಂಡಳಿ ಹರಾಜು ಹಾಕಿ ಕಾಫಿ ಮಾರಿದ ಹಾಗೆಲ್ಲ ಪಾಯಿಂಟಿಗೆ ಇಷ್ಟು ಪೈಸೆ ಅಂತ ಘೋಷಿಸುತ್ತದೆ. ಮೊದಲ ಕಂತು, ಆಮೇಲೆ ಇನ್ನೊಂದು, ಮತ್ತೊಂದು, ಕಡೆಗೆ ಅಂತಿಮ ಕಂತು. ಒಂದು ಬೆಳೆಯ ಪೂರ್ತಿ ದುಡ್ಡು ಕೈಗೆ ಬರುವಷ್ಟರಲ್ಲಿ ಮುಂದಿನ ಬೆಳೆ ಕುಯ್ದು ಆಗಿರುತ್ತಿತ್ತು.

ಇನ್ನು ನಮ್ಮ ಮನೆ ಕಥೆ. ಅಜ್ಜನಿಗೂ ಅವರ ತಮ್ಮನಿಗೂ, ಅಂದ್ರೆ ನಮ್ಮ ಚಿಕ್ಕಜ್ಜನಿಗೂ, ಅಕ್ಕಪಕ್ಕದ ರೊಬಸ್ಟಾ ತೋಟ. 1980ರ ದಶಕದ ಒಂದು ವರ್ಷ ಇಬ್ಬರೂ ಒಂದೇ ಲಾರಿಯಲ್ಲಿ ನಲವತ್ತು ನಲವತ್ತು ಮೂಟೆ ಚೆರಿ ಕಳಿಸಿದರು. ಒಂದೇ ಮಣ್ಣು, ಒಂದೇ ಮಳೆ, ಒಂದೇ ಲಾರಿ. ಕಂತು ಬಂದಾಗ ಚಿಕ್ಕಜ್ಜನಿಗೆ ಜಾಸ್ತಿ, ಅಜ್ಜನಿಗೆ ಕಮ್ಮಿ. ಓಡಾಟ, ಸಹಿ, ಕಾಗದ ಎಲ್ಲ ನೋಡಿಕೊಂಡದ್ದು ಎಸ್ಸೆಸ್ಸೆಲ್ಸಿ ಓದಿದ್ದ ಚಿಕ್ಕಜ್ಜ. ಅಜ್ಜನಿಗೆ ಅನುಮಾನ ಬಂತು: ನನ್ನ ಮೂಟೆಯನ್ನು ಇವನು ತನ್ನ ಹೆಸರಿಗೆ ಬರೆಸಿಕೊಂಡಿದ್ದಾನೆ. ಆ ವರ್ಷವೇ ಅತ್ತೆಯ ಮದುವೆ ಬೇರೆ. ಕಡಿಮೆ ಬಿದ್ದ ದುಡ್ಡಿಗೆ ಅಜ್ಜ ಸಾಲ ಮಾಡಿದರು. ಮದುವೆಗೆ ತಮ್ಮನನ್ನು ಕರೆಯಲಿಲ್ಲ. ಎರಡು ತೋಟದ ನಡುವೆ ತಂತಿ ಬೇಲಿ ಬಂತು. ಅಜ್ಜ 2003ರಲ್ಲಿ ತೀರಿಕೊಳ್ಳುವವರೆಗೂ ಅಣ್ಣತಮ್ಮ ಮಾತಾಡಲಿಲ್ಲ.

2020ರ ಲಾಕ್‌ಡೌನಿನಲ್ಲಿ ಊರಿಂದಲೇ ಕೆಲಸ ಮಾಡುವಾಗ ಅಟ್ಟದ ಟ್ರಂಕಿನಲ್ಲಿ ಅಜ್ಜನ ಚೀಟಿಗಳು ಸಿಕ್ಕವು. ಕಾರ್ಬನ್ ಕಾಪಿ, ಅರ್ಧ ಅಳಿಸಿದ ಅಂಕಿ. ನನಗೆ ಹುಳ ಹೊಕ್ಕಿತು. ಆದರೆ ಒಂದು ಕಡೆಯ ಲೆಕ್ಕ ಇಟ್ಟುಕೊಂಡು ಹೋಲಿಸುವುದು ಹೇಗೆ? ಎರಡು ದಿನ ಯೋಚಿಸಿ, ಬೇಲಿ ದಾಟಿ ಹೋದೆ. ಚಿಕ್ಕಜ್ಜನಿಗೆ ಆಗ ಎಂಬತ್ತು ದಾಟಿತ್ತು. ಏನೂ ಕೇಳದೆ ಒಳಗಿಂದ ಒಂದು ಬಿಸ್ಕೆಟ್ ಡಬ್ಬ ತರಿಸಿ ಕೊಟ್ಟರು. ಅವರ ಚೀಟಿಗಳೂ ಹಾಗೇ ಇದ್ದವು.

ಎರಡನ್ನೂ ಎಕ್ಸೆಲ್ಲಿಗೆ ಹಾಕಿದೆ. ಮೂರು ಕಡೆ ಗಂಟು ಬಿಚ್ಚಿಕೊಂಡಿತು. ಅರ್ಥವಾಗಲಿ ಅಂತ ಇಲ್ಲಿ ನಾನೇ ಆರಿಸಿದ ದುಂಡು ಅಂಕಿಗಳಲ್ಲಿ ಹೇಳುತ್ತೇನೆ.

ಮೊದಲನೇ ಗಂಟು ಔಟ್‌ಟರ್ನ್. ಐವತ್ತು ಕಿಲೋ ಮೂಟೆಯಂತೆ ನಲವತ್ತು ಮೂಟೆ ಅಂದರೆ 2000 ಕಿಲೋ ಚೆರಿ. ಸಿಪ್ಪೆ ತೆಗೆದ ಮೇಲೆ ಅಜ್ಜನದ್ದು 1000 ಕಿಲೋ ಬೀಜ, ಚಿಕ್ಕಜ್ಜನದ್ದು 1080 ಕಿಲೋ ಅಂದುಕೊಳ್ಳಿ. ಲೆಕ್ಕ ಹಿಡಿಯುವುದು ಇಲ್ಲಿಂದ. ಅಜ್ಜ ಎಣಿಸಿದ್ದು ಮೂಟೆ, ಚೀಟಿ ಎಣಿಸಿದ್ದು ಬೀಜ.

ಎರಡನೇ ಗಂಟು ದರ್ಜೆ. ಒಳ್ಳೆ ದರ್ಜೆಗೆ ಕಿಲೋಗೆ 100 ಪಾಯಿಂಟ್, ನಡುವಿನದಕ್ಕೆ 80, ಕಪ್ಪು ಬೀಜಕ್ಕೆ 50 ಅಂತ ಇಟ್ಟುಕೊಳ್ಳೋಣ. ಅಜ್ಜನದ್ದು 400, 400, 200 ಕಿಲೋ ಆದರೆ ಒಟ್ಟು 82,000 ಪಾಯಿಂಟ್. ಚಿಕ್ಕಜ್ಜನದ್ದು 700, 300, 80 ಕಿಲೋ ಆದರೆ 98,000. ಪಾಯಿಂಟಿಗೆ ಎಲ್ಲ ಕಂತೂ ಸೇರಿ 20 ಪೈಸೆ ಸಿಕ್ಕರೆ ಒಬ್ಬರಿಗೆ 16,400 ರೂಪಾಯಿ, ಇನ್ನೊಬ್ಬರಿಗೆ 19,600. ನಲವತ್ತು ನಲವತ್ತೇ ಮೂಟೆ, ವ್ಯತ್ಯಾಸ 3,200.

ದರ್ಜೆ ಯಾಕೆ ಬೇರೆಯಾಯಿತು ಅಂತ ಅಪ್ಪನನ್ನು ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಮದುವೆ ಇತ್ತಲ್ಲ. ಬೇಗ ದುಡ್ಡು ಬೇಕು ಅಂತ ಹಣ್ಣು, ಕಾಯಿ ನೋಡದೆ ಒಂದೇ ಸಲ ಎಳೆಸಿದ್ರು. ನಮ್ಮ ಕಣ ಆಗ ಮಣ್ಣಿಂದು. ಅವರದ್ದು ಸಿಮೆಂಟು." ಎಳೆಕಾಯಿ ಒಣಗಿದರೆ ಬೀಜ ಕಪ್ಪಾಗುತ್ತದೆ, ಹಗುರಾಗುತ್ತದೆ. ಮಣ್ಣಿನ ಕಣದಲ್ಲಿ ತೇವ ಹಿಡಿದು ಬೂಸ್ಟು ಬರುತ್ತದೆ. ಮಗಳ ಮದುವೆಗೆ ಅಂತ ಅವಸರ ಮಾಡಿದ್ದೇ ಆ ಮದುವೆಗೆ ದುಡ್ಡು ಕಮ್ಮಿ ಮಾಡಿತ್ತು.

ಮೂರನೇ ಗಂಟು ತಾರೀಖು. ಅಜ್ಜ ಒಮ್ಮೆ ತಮ್ಮನ ಪಾಸ್‌ಬುಕ್ಕಿನಲ್ಲಿ ದೊಡ್ಡದೊಂದು ಮೊತ್ತ ನೋಡಿದ್ದರಂತೆ. ಅನುಮಾನ ಗಟ್ಟಿಯಾದದ್ದು ಅಲ್ಲಿ. ಚೀಟಿಗಳನ್ನು ಜೋಡಿಸಿದಾಗ ಗೊತ್ತಾಯಿತು, ಅದು ಎರಡು ಕಂತು ಸೇರಿದ ಮೊತ್ತ: ಹಿಂದಿನ ಬೆಳೆಯ ಅಂತಿಮ ಕಂತು, ಈ ಬೆಳೆಯ ಮೊದಲ ಕಂತು. ಪಾಸ್‌ಬುಕ್ ತಾರೀಖು ಹೇಳುತ್ತದೆ, ಬೆಳೆ ವರ್ಷ ಹೇಳುವುದಿಲ್ಲ. ಅಜ್ಜನಿಗೂ ಅಂಥದ್ದೇ ಎರಡು ಕಂತು ಬಂದಿತ್ತು. ಆದರೆ ಬೇರೆ ಬೇರೆ ವಾರದಲ್ಲಿ.

ಯಾರೂ ಯಾರಿಗೂ ಮೋಸ ಮಾಡಿರಲಿಲ್ಲ. ಎಲ್ಲ ಅಂಕಿಯೂ ಚೀಟಿಯಲ್ಲೇ ಇತ್ತು. ಓದಲು ಹೇಳಿಕೊಡುವವರು ಇರಲಿಲ್ಲ, ಅಷ್ಟೆ.

ಈ ಗೊಂದಲ ನಮ್ಮಜ್ಜನಂಥ ಸಣ್ಣ ಬೆಳೆಗಾರರಿಗೆ ಮಾತ್ರ ಅಂದುಕೊಳ್ಳಬೇಡಿ. ಪೂಲಿಗೆ ಕಾಫಿ ಕೊಡುವುದು ಮಾರಾಟವೋ, ಕಡ್ಡಾಯ ಸ್ವಾಧೀನವೋ ಅನ್ನುವ ಪ್ರಶ್ನೆಯೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ರಾಜ್ಯ ಸರ್ಕಾರ ಖರೀದಿ ತೆರಿಗೆ ಕೇಳಿತ್ತು. ಮಂಡಳಿ, ಇದು ಕಾನೂನಿನ ಪ್ರಕಾರ ನಡೆಯುವ ಕಡ್ಡಾಯ ಸ್ವಾಧೀನ, ಮಾರಾಟ ಅಲ್ಲ ಎಂದು ವಾದಿಸಿತು. 1988ರಲ್ಲಿ ಕೋರ್ಟು ಅದು ಮಾರಾಟವೇ ಅಂದಿತು. ಅಂದರೆ ಪೂಲ್ ಶುರುವಾಗಿ ನಾಲ್ಕು ದಶಕ ಕಳೆದ ಮೇಲೂ, ಮೂಟೆ ಲಾರಿ ಹತ್ತಿದಾಗ ನಿಜಕ್ಕೂ ಏನಾಗುತ್ತದೆ ಅನ್ನೋದು ವಾದದ ವಿಷಯವಾಗಿತ್ತು.

ಪೂಲಿನಿಂದ ಒಳ್ಳೆಯದು ಆಗಲೇ ಇಲ್ಲ ಅಂತಲ್ಲ. ಬೆಲೆ ಕುಸಿದ ವರ್ಷಗಳಲ್ಲಿ ಸಣ್ಣವರನ್ನು ಅದು ಉಳಿಸಿತು. ಮೂರು ಎಕರೆಯವನಿಗೂ ಮುನ್ನೂರು ಎಕರೆಯವನಿಗೂ ಒಂದು ಪಾಯಿಂಟಿಗೆ ಒಂದೇ ಬೆಲೆ. ಆದರೆ ತಡವಾಗಿ ಬರುವ ದುಡ್ಡಿಗೆ ಬಡ್ಡಿ ತೆರುತ್ತಿದ್ದವನು ಬೆಳೆಗಾರ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿತ್ತು, 1991ರಲ್ಲಿ ನಮ್ಮ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಬೆಳೆಗಾರರ ಒತ್ತಾಯ ಜೋರಾಯಿತು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಪಾಲನ್ನು ಹೊರಗೆ ಮಾರಲು ಬಿಟ್ಟರು, ಆ ಪಾಲನ್ನು ಹಂತ ಹಂತವಾಗಿ ಹೆಚ್ಚಿಸಿದರು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಲೋಕದ ಕಾಫಿ ಬೆಲೆ ಹಾರಿದಾಗ ಸ್ವಂತವಾಗಿ ಮಾರುವುದರ ರುಚಿ ಕೊಡಗಿಗೆ ಸಿಕ್ಕಿತು. 1996ರ ಸೆಪ್ಟೆಂಬರಿನಲ್ಲಿ ಎಲ್ಲ ಬೆಳೆಗಾರರಿಗೂ ಪೂರ್ತಿ ಸ್ವಾತಂತ್ರ್ಯ. ಪಾಯಿಂಟ್ ಚೀಟಿ ಟ್ರಂಕ್ ಸೇರಿತು.

ಈಗ ಅಪ್ಪ ಗೋಣಿಕೊಪ್ಪಲಿನ ವ್ಯಾಪಾರಿಗೆ ಫೋನ್ ಮಾಡಿ ರೇಟ್ ಕೇಳುತ್ತಾರೆ, ದುಡ್ಡು ಬೇಗ ಖಾತೆಗೆ ಬೀಳುತ್ತದೆ. ಆದರೂ ಮೊದಲು ಕೇಳುವ ಪ್ರಶ್ನೆ ಹಳೆಯದೇ: "ಔಟ್‌ಟರ್ನ್ ಎಷ್ಟು ಬಂತು?"

ಎಕ್ಸೆಲ್ ಲೆಕ್ಕ ಮುಗಿದ ಮೇಲೆ ಪ್ರಿಂಟ್ ತೆಗೆದು ಚಿಕ್ಕಜ್ಜನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಸಾಲುಸಾಲಾಗಿ ಬೆರಳಿಟ್ಟು ನೋಡಿದರು. ಆಮೇಲೆ, "ನಾನೂ ಇದನ್ನು ಸರಿಯಾಗಿ ಓದಿರಲಿಲ್ಲ ಮಗಾ. ನನಗೆ ಜಾಸ್ತಿ ಬಂದಿತ್ತಲ್ಲ, ಅದಕ್ಕೆ ಯಾಕೆ ಅಂತ ಕೇಳ್ಲಿಲ್ಲ. ಅಣ್ಣ ಕೇಳಿದಾಗ ಸಿಟ್ಟು ಬಂತು. ಕೂತು ತೋರಿಸಬಹುದಿತ್ತು" ಅಂದರು. ಆ ಹಾಳೆಯನ್ನು ಅವರೇ ಇಟ್ಟುಕೊಂಡರು. ಆ ವರ್ಷದ ಹುತ್ತರಿಗೆ ನಮ್ಮ ಮನೆಗೆ ಬಂದು, ಅಜ್ಜನ ಫೋಟೋ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು ಹೋದರು. ಬೇಲಿ ಈಗಲೂ ಇದೆ, ಆನೆ ಕಾಟಕ್ಕೆ ಬೇಕು. ಅದಕ್ಕೊಂದು ಗೇಟು ಇಟ್ಟಿದ್ದೇವೆ.

ಸಹೋದ್ಯೋಗಿಗೆ ನಾನು ಹೇಳಿದ್ದು ಇಷ್ಟೇ. ಪಾಯಿಂಟಿನ ಯಾವ ಕಾಗದ ಬಂದರೂ ಮೂರು ಪ್ರಶ್ನೆ ಕೇಳು. ಇವರು ಎಣಿಸುತ್ತಿರುವುದು ಏನನ್ನು? ಒಂದು ಪಾಯಿಂಟಿನ ಬೆಲೆ ಕಟ್ಟುವವರು ಯಾರು, ಯಾವಾಗ? ಈ ಸಾಲು ಯಾವ ವರ್ಷದ್ದು? ಇದಕ್ಕೆ ಉತ್ತರ ಕಾಗದದಲ್ಲಿ ಸಿಗದಿದ್ದರೆ ಕೊಟ್ಟವರನ್ನೇ ಕೇಳು, ಬರೆದು ಕೊಡಲು ಹೇಳು. ಅವಳು ಮಾರನೇ ದಿನವೇ ಮೇಲ್ ಕಳಿಸಿದಳು. ಗಂಡ ಡಿಸೆಂಬರಿನಲ್ಲಿ ಕೊಡಗಿಗೆ ರೂಮ್ ಬುಕ್ ಮಾಡಿ ಎಲ್ಲ ಪಾಯಿಂಟ್ ಮುಗಿಸಿದ ಅಂತ ಇವಳು ಒಂದು ವಾರದಿಂದ ಅವನ ಜೊತೆ ಮಾತು ಬಿಟ್ಟಿದ್ದಳಂತೆ. ಉತ್ತರ ನೋಡಿದರೆ, ಅರ್ಧಕ್ಕರ್ಧ ಪಾಯಿಂಟ್ ಹಿಂದಿನ ವರ್ಷದ್ದು, ಬಳಸದೆ ಅವಧಿ ಮೀರಿ ಹೋಗಿತ್ತು.