ಎರೆಭೂಮಿಯ ಒಕ್ಕಲುತನ: ಹಗೇವಿನಿಂದ ಸಹಕಾರಿ ಸಂಘದವರೆಗೆ

ಶರಣ ಪರಂಪರೆಯಲ್ಲಿ ಒಕ್ಕಲುತನಕ್ಕೆ ಕಾಯಕದ ಗೌರವವಿದೆ. ಒಕ್ಕಲಿಗ ಮುದ್ದಣ್ಣನವರು ಬೇಸಾಯದ ಪರಿಭಾಷೆಯಲ್ಲಿಯೇ ತಮ್ಮ ಅನುಭಾವವನ್ನು ನುಡಿದ ಶರಣರು. ಆದರೆ ಈ ಕಾಯಕವನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದ ಸಣ್ಣ ಹಿಡುವಳಿಯ ರೈತನ ಬಾಳು ಎಂದೂ ಒಂದೇ ಹದದಲ್ಲಿ ಉಳಿದುದಲ್ಲ. ಮಳೆ, ಪೇಟೆ, ಸಾಲ ಈ ಮೂರೂ ಅವನ ಕೈಮೀರಿದವು. ಇವುಗಳ ಏರಿಳಿತಕ್ಕೆ ತಕ್ಕಂತೆ ಅವನು ತನ್ನ ಬೇಸಾಯವನ್ನು ಹೇಗೆ ತಿದ್ದಿಕೊಂಡನು, ಎಲ್ಲಿ ಸೋತನು ಎಂಬುದಕ್ಕೆ ಧಾರವಾಡ, ಗದಗ, ವಿಜಯಪುರ ಸೀಮೆಗಳ ಎರೆಭೂಮಿಯ ಇತಿಹಾಸವೇ ಸಾಕ್ಷಿಯಾಗಿದೆ.

ಎರೆಮಣ್ಣಿನ ದೊಡ್ಡ ಗುಣವೆಂದರೆ ನೀರನ್ನು ಹಿಡಿದಿಟ್ಟುಕೊಳ್ಳುವುದು. ಈ ಸೀಮೆಯ ರೈತನು ಮಳೆಗಾಲದ ಕೊನೆಯವರೆಗೆ ಹೊಲಕ್ಕೆ ತೇವ ಉಣಿಸಿ, ಆ ಹಸಿಯನ್ನೇ ನಂಬಿ ಹಿಂಗಾರಿ ಜೋಳ, ಕಡಲೆ, ಕುಸುಬೆಗಳನ್ನು ಬಿತ್ತುತ್ತಿದ್ದನು. ಓಡಿಹೋಗುವ ನೀರನ್ನು ತಡೆಯಲು ಒಡ್ಡು ಹಾಕುತ್ತಿದ್ದನು. ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಮಣ್ಣಿನ ಬಿರುಕು ಮುಚ್ಚುತ್ತಿದ್ದನು. ಮುಖ್ಯ ಬೆಳೆಯ ನಡುವೆ ಅಕ್ಕಡಿ ಸಾಲುಗಳನ್ನು ಹಾಕುವುದು ಇನ್ನೊಂದು ಪದ್ಧತಿ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಮನೆಯನ್ನು ಕಾಯಲಿ ಎಂಬುದು ಇದರ ಮರ್ಮ. ಹೆಚ್ಚು ಬೆಳೆದ ವರ್ಷದ ಜೋಳವು ಹಗೇವಿನ ಪಾಲಾಗುತ್ತಿತ್ತು. ನೆಲದೊಳಗಿನ ಆ ಕಣಜದಲ್ಲಿ ಕಾಳು ವರ್ಷಗಳವರೆಗೆ ಕೆಡದೆ ಉಳಿಯುತ್ತಿತ್ತು. ಒಟ್ಟಿನಲ್ಲಿ, ಅತಿ ಹೆಚ್ಚು ಬೆಳೆಯುವುದಕ್ಕಿಂತ ಕೆಟ್ಟ ವರ್ಷವನ್ನು ದಾಟುವುದೇ ಈ ಬೇಸಾಯದ ಗುರಿಯಾಗಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ದೂರದ ಪೇಟೆಯೊಂದು ಈ ಹೊಲಗಳನ್ನು ತಲುಪಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಬರುತ್ತಿದ್ದ ಹತ್ತಿ ನಿಂತಿತು. ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಕುಮಟಾ ಬಂದರಿನ ಮೂಲಕ ಸಾಗುತ್ತಿದ್ದ ಜವಾರಿ ಹತ್ತಿಗೆ ಕುಮಟಾ ಹತ್ತಿಯೆಂಬ ಹೆಸರೇ ನಿಂತಿತು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಏರಿದ ಬೆಲೆಯನ್ನು ನಂಬಿ ಸಾಲ ಮಾಡಿದವರಿಗೆ ಸಾಲ ಮಾತ್ರ ಉಳಿಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಜೋಳವು ಮನೆಗೆ ರೊಟ್ಟಿಯನ್ನೂ ದನಕ್ಕೆ ಕಣಿಕೆಯನ್ನೂ ಕೊಡುತ್ತದೆ. ಹತ್ತಿ ಹಣ ತರುತ್ತದೆ, ಆದರೆ ಅದರ ಕಟ್ಟಿಗೆ ಒಲೆಗಷ್ಟೇ ಆಗುತ್ತದೆ. ಆದುದರಿಂದಲೇ ಅನುಭವಿ ರೈತನು ಹೊಲವನ್ನೆಲ್ಲ ಹತ್ತಿಗೆ ಬಿಡದೆ, ಒಂದು ವರ್ಷ ಹತ್ತಿ, ಮರುವರ್ಷ ಜೋಳವೆಂದು ಸರದಿಯಲ್ಲಿ ಬಿತ್ತಿದನು. ಪೇಟೆಯನ್ನು ಅವನು ತಿರಸ್ಕರಿಸಲಿಲ್ಲ, ಅದಕ್ಕೆ ಪೂರ್ಣವಾಗಿ ಒಪ್ಪಿಸಿಕೊಳ್ಳಲೂ ಇಲ್ಲ.

ಆದರೂ 1876ರಲ್ಲಿ ಮಳೆ ಹೋದಾಗ ಈ ಎಚ್ಚರವೂ ಸಾಲದಾಯಿತು. ಧಾತು ಸಂವತ್ಸರದಲ್ಲಿ ಆರಂಭವಾಗಿ ಈಶ್ವರ ಸಂವತ್ಸರಕ್ಕೂ ಚಾಚಿದ ಆ ಬರವು ದಕ್ಷಿಣ ಭಾರತದ ಬಹುಭಾಗವನ್ನು ಸುಟ್ಟಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚಿದ್ದುದು 1881ರಲ್ಲಿ ನಲವತ್ತೆರಡು ಲಕ್ಷದೊಳಗೆ ಇಳಿದಿತ್ತು. ಅಂದಿನ ಕಲಾದಗಿ ಜಿಲ್ಲೆಯಲ್ಲಿಯೂ ಊರೂರು ಬರಿದಾದವು. ಹಗೇವಿನಲ್ಲಿ ಕಾಳಿದ್ದ ಮನೆ ಕೆಲಕಾಲ ತಾಳಿತು. ಹಗೇವೇ ಇಲ್ಲದ ಕೂಲಿಕಾರನಿಗೆ ಗುಳೆ ಹೋಗುವುದು ಅಥವಾ ಸರಕಾರದ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುವುದು, ಇವೆರಡೇ ದಾರಿ. ಒಬ್ಬೊಬ್ಬರ ಜಾಣ್ಮೆ ಸಣ್ಣ ಬರವನ್ನು ದಾಟಿಸೀತು, ದೊಡ್ಡ ಬರವನ್ನಲ್ಲ ಎಂಬ ಕಠಿಣ ಪಾಠವನ್ನು ಆ ವರ್ಷಗಳು ಕಲಿಸಿದವು.

ಈ ಪಾಠಕ್ಕೆ ಗದಗ ಬಳಿಯ ಕಣಗಿನಹಾಳ ಗ್ರಾಮವು ಒಂದು ಉತ್ತರ ಕೊಟ್ಟಿತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಅಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವು ಸ್ಥಾಪನೆಯಾಯಿತು. ಭಾರತದ ಸಹಕಾರಿ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದಕ್ಕೆ ಅಗ್ರಸ್ಥಾನವಿದೆ. ಆ ಕಾಯಿದೆಯಡಿ ಗ್ರಾಮೀಣ ಸಂಘಗಳ ಸದಸ್ಯರದು ಅಪರಿಮಿತ ಹೊಣೆ. ಒಬ್ಬನು ಮರಳಿಸದ ಸಾಲಕ್ಕೆ ಉಳಿದವರೆಲ್ಲರೂ ಬಾಧ್ಯರು. ಆದಕಾರಣ ನೆರೆಯವನ ಹೊಲ, ನಡತೆ, ಕಷ್ಟ ಇವುಗಳನ್ನು ಬಲ್ಲವರೇ ಸಾಲವನ್ನು ನಿರ್ಧರಿಸುವಂತಾಯಿತು. ಸಾಹುಕಾರನ ಬಾಗಿಲಲ್ಲಿ ಒಬ್ಬಂಟಿಯಾಗಿ ನಿಲ್ಲುತ್ತಿದ್ದ ರೈತನಿಗೆ ಊರೇ ಜಾಮೀನಾಯಿತು. ಹಗೇವು ಒಂದು ಮನೆಯ ಕಾಳನ್ನು ಕಾದಂತೆ ಸಂಘವು ಹಲವು ಮನೆಗಳ ನಂಬಿಕೆಯನ್ನು ಕಾದಿತು. ಭೂಮಿಯೇ ಇಲ್ಲದವರಿಗೆ ಈ ನೆರಳು ಅಷ್ಟಾಗಿ ಸಿಗಲಿಲ್ಲವೆಂಬುದನ್ನೂ ಮರೆಯಲಾಗದು.

ಮುಂದೆ 1972ರಲ್ಲಿ ಧಾರವಾಡದ ವಿಜ್ಞಾನಿಗಳು ವರಲಕ್ಷ್ಮಿ ಎಂಬ ಸಂಕರಣ ಹತ್ತಿಯನ್ನು ಕೊಟ್ಟರು. ಇಳುವರಿ, ಎಳೆ ಎರಡೂ ಹಿಗ್ಗಿದವು. ಆದರೆ ಮನೆಯ ಬೀಜವನ್ನು ಎತ್ತಿಟ್ಟು ಬಿತ್ತುವ ರೂಢಿ ಅಲ್ಲಿ ನಡೆಯದು. ಪ್ರತಿ ವರ್ಷ ಬೀಜ, ಗೊಬ್ಬರ, ಔಷಧಗಳನ್ನು ಕೊಳ್ಳಬೇಕಾಯಿತು. ಲಾಭದೊಡನೆ ಸಾಲವೂ ಹೊಲಕ್ಕೆ ಇಳಿಯಿತು. ಕಾಲ ಬದಲಾದರೂ ಹಳೆಯ ಪ್ರಶ್ನೆಯೇ ಮರಳಿ ಬಂದಿತು: ಕೆಟ್ಟ ವರ್ಷದ ಭಾರವನ್ನು ಹೊರುವವರಾರು?

ಎರೆಭೂಮಿಯ ಇತಿಹಾಸವು ಹೊಸದನ್ನು ಬೇಡವೆನ್ನುವುದಿಲ್ಲ. ಹೊಸದನ್ನು ಬಿತ್ತುವಾಗ ಅಕ್ಕಡಿಯ ಸಾಲೊಂದು ಉಳಿದಿರಲಿ, ನಷ್ಟದ ಹೊರೆ ಒಬ್ಬನ ಹೆಗಲಿಗೇ ಬೀಳದಿರಲಿ ಎಂದಷ್ಟೇ ಹೇಳುತ್ತದೆ. ದುಡಿಮೆ ಒಬ್ಬೊಬ್ಬರದಾದರೂ ಕಷ್ಟವನ್ನು ಹಂಚಿಕೊಂಡಲ್ಲಿ ಮಾತ್ರ ಒಕ್ಕಲು ಉಳಿದಿದೆ.