ಮಂಗನ ಕಾಯಿಲೆ ಮತ್ತು ಪ್ರಾಣಿ ಪ್ರಯೋಗ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯ, ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಗರೂ ಜ್ವರದಿಂದ ಮಲಗಿದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಿಳಿ ಇಲಿಮರಿಗಳಿಗೆ ರೋಗದ ಮಾದರಿ ಚುಚ್ಚಿ ವೈರಾಣುವನ್ನು ಬೇರ್ಪಡಿಸಿದರು; ಅದನ್ನು ಹರಡುವುದು ಉಣುಗು ಎಂಬುದೂ ಖಚಿತವಾಯಿತು. ಆ ಇಲಿಮರಿಗಳ ಸಾವಿಗೆ ಮಲೆನಾಡು ಋಣಿ. ಮುಂದೆ ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಾಣು ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ಲಸಿಕೆ ತಯಾರಿಸಲಾಯಿತು. ಅದರ ರಕ್ಷಣೆ ಬಹುಕಾಲ ನಿಲ್ಲದೆ, ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಾಗುತ್ತಿತ್ತು. 2022ರಲ್ಲಿ ಬಳಕೆ ನಿಂತಿತು.

ಇಲಿಮರಿಗಳ ಮೇಲೆ ನಡೆದಂಥ ಪ್ರಯೋಗವನ್ನು ಪ್ರಾಣಿಹಿಂಸೆ ತಡೆ ಕಾಯ್ದೆ, 1960 ನಿಷೇಧಿಸಿಲ್ಲ. ಸಾಧ್ಯವಿದ್ದಲ್ಲೆಲ್ಲ ಅದನ್ನು ಕೈಬಿಡಬೇಕು, ಸಣ್ಣ ಪ್ರಾಣಿ ಸಾಕಾದಲ್ಲಿ ದೊಡ್ಡದನ್ನು ಬಳಸಬಾರದು, ಶಸ್ತ್ರಕ್ರಿಯೆಗೆ ಮುನ್ನ ಅರಿವಳಿಕೆ ಕೊಡಬೇಕು ಎನ್ನುತ್ತದೆ. ಬೋನಿನೊಳಗಿನ ಜೀವಕ್ಕೆ ಇದು ಕನಿಷ್ಠ ನ್ಯಾಯ. ಹೊಸ ಔಷಧಗಳ ಪರೀಕ್ಷೆಯಲ್ಲಿ ಪ್ರಾಣಿಗಳ ಬದಲು ಜೀವಕೋಶ, ಕಂಪ್ಯೂಟರ್ ಮಾದರಿಗಳ ಬಳಕೆಗೆ 2023ರ ನಿಯಮ ತಿದ್ದುಪಡಿ ದಾರಿ ಮಾಡಿಕೊಟ್ಟಿದೆ.