ದೀರ್ಘದೂರ ಸೈಕ್ಲಿಂಗ್‌ನಲ್ಲಿ ನೋವಿನ ನಿರ್ವಹಣೆ

ದೀರ್ಘದೂರ ಸೈಕ್ಲಿಂಗ್‌ನಲ್ಲಿ ನೋವಿನ ನಿರ್ವಹಣೆ ಎಂದರೆ, ಗಂಟೆಗಟ್ಟಲೆ ಅಥವಾ ದಿನಗಟ್ಟಲೆ ಸೈಕಲ್ ತುಳಿಯುವ ಕ್ರೀಡಾಪಟುಗಳು ದೇಹದಲ್ಲಿ ಉಂಟಾಗುವ ನೋವನ್ನು ಗುರುತಿಸುವ, ಸಹಿಸುವ ಮತ್ತು ಹತೋಟಿಯಲ್ಲಿಡುವ ವಿಧಾನಗಳ ಒಟ್ಟು ಹೆಸರು. ಇದು ಕ್ರೀಡಾ ಶರೀರಕ್ರಿಯಾಶಾಸ್ತ್ರ ಮತ್ತು ಕ್ರೀಡಾ ಮನೋವಿಜ್ಞಾನ ಎರಡಕ್ಕೂ ಸೇರಿದ ವಿಷಯವಾಗಿದೆ. ಉನ್ನತ ಮಟ್ಟದ ಸವಾರರಿಗೆ ನೋವೇ ಆಗುವುದಿಲ್ಲ ಎಂಬ ನಂಬಿಕೆ ಸರಿಯಲ್ಲ. ಶ್ರಮದ ನೋವನ್ನು ಸಹಿಸುವುದರ ಜೊತೆಗೆ, ಗಾಯದ ನೋವನ್ನು ಅದರಿಂದ ಬೇರ್ಪಡಿಸಿ ಗುರುತಿಸುವುದು ಅವರ ಮುಖ್ಯ ಕೌಶಲವಾಗಿದೆ.

ನೋವಿನ ಬಗೆಗಳು

ಸೈಕಲ್ ಸವಾರರ ನೋವನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

1. ಶ್ರಮದ ನೋವು: ಏರುದಾರಿಯಲ್ಲಿ ಅಥವಾ ಅತಿವೇಗದಲ್ಲಿ ತೊಡೆ ಮತ್ತು ಮೀನಖಂಡಗಳಲ್ಲಿ ಕಾಣಿಸುವ ಉರಿ. ವೇಗ ತಗ್ಗಿಸಿದ ಕೆಲವೇ ನಿಮಿಷಗಳಲ್ಲಿ ಇದು ಇಳಿಯುತ್ತದೆ.
2. ಒತ್ತಡದ ನೋವು: ಒಂದೇ ಭಂಗಿಯಲ್ಲಿ ಬಹಳ ಹೊತ್ತು ಕುಳಿತಿರುವುದರಿಂದ ಕುತ್ತಿಗೆ, ಸೊಂಟ, ಅಂಗೈ ಮತ್ತು ಆಸನದ ಭಾಗದಲ್ಲಿ ಉಂಟಾಗುತ್ತದೆ. ಹ್ಯಾಂಡಲ್ ಮೇಲಿನ ಭಾರ ಅಂಗೈಯ ನರವನ್ನು ಒತ್ತಿದಾಗ ಕಿರುಬೆರಳು ಮತ್ತು ಉಂಗುರ ಬೆರಳಿಗೆ ಜೋಮು ಹಿಡಿಯುತ್ತದೆ.
3. ಗಾಯದ ನೋವು: ಮಂಡಿ, ಸ್ನಾಯುಬಂಧ ಮುಂತಾದ ಕಡೆ ನಿರ್ದಿಷ್ಟ ಜಾಗದಲ್ಲಿ ಚುಚ್ಚುವ, ಪ್ರತಿ ಪೆಡಲ್ ಸುತ್ತಿಗೂ ಹೆಚ್ಚುವ ಅಥವಾ ವಿಶ್ರಾಂತಿಯ ನಂತರವೂ ಉಳಿಯುವ ನೋವು.

ಸವಾರಿ ಮುಗಿದ 24ರಿಂದ 72 ಗಂಟೆಗಳ ನಡುವೆ ಕಾಣಿಸುವ ಮೈಕೈ ನೋವು ಇವುಗಳಿಂದ ಭಿನ್ನವಾದುದು. ಅದು ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ.

ಶರೀರಕ್ರಿಯೆ

ಸ್ನಾಯುಗಳ ಉರಿಗೆ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಹೈಡ್ರೋಜನ್ ಅಯಾನು, ಲ್ಯಾಕ್ಟೇಟ್ ಮತ್ತು ಎಟಿಪಿ ಒಟ್ಟಾಗಿ ಸ್ನಾಯುಗಳಲ್ಲಿರುವ ಸೂಕ್ಷ್ಮ ಸಂವೇದನಾ ನರತಂತುಗಳನ್ನು ಪ್ರಚೋದಿಸುತ್ತವೆ ಎಂದು ನಂತರದ ಸಂಶೋಧನೆಗಳು ತೋರಿಸಿವೆ. ಈ ನರತಂತುಗಳ ಸಂಕೇತಗಳು ಮೆದುಳಿಗೆ ತಲುಪಿ, ಶ್ರಮವನ್ನು ಹೆಚ್ಚಿಸಬೇಕೇ ತಗ್ಗಿಸಬೇಕೇ ಎಂಬ ನಿರ್ಧಾರಕ್ಕೆ ನೆರವಾಗುತ್ತವೆ.

ಈ ಸಂಕೇತಗಳ ಮಹತ್ವವನ್ನು 2009ರಲ್ಲಿ ಮಾರ್ಕಸ್ ಅಮನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವು ತೋರಿಸಿಕೊಟ್ಟಿತು. ಸವಾರರ ಬೆನ್ನುಹುರಿಯ ಭಾಗಕ್ಕೆ ಫೆಂಟನಿಲ್ ಚುಚ್ಚುಮದ್ದು ನೀಡಿ ಕಾಲುಗಳಿಂದ ಬರುವ ಸಂಕೇತಗಳನ್ನು ತಡೆದು, 5 ಕಿ.ಮೀ. ಸವಾರಿ ಮಾಡಿಸಲಾಯಿತು. ಆರಂಭದಲ್ಲಿ ಅವರು ಎಂದಿಗಿಂತ ಜೋರಾಗಿ ತುಳಿದರೂ ಒಟ್ಟು ಸಮಯ ಸುಧಾರಿಸಲಿಲ್ಲ. ಸ್ನಾಯುಗಳು ಅತಿಯಾಗಿ ದಣಿದು, ಸವಾರಿಯ ಬಳಿಕ ಕೆಲವರಿಗೆ ನಡೆಯುವುದೂ ಕಷ್ಟವಾಯಿತು. ಶ್ರಮವನ್ನು ಮಿತಿಯಲ್ಲಿಡುವುದರಲ್ಲಿ ಈ ಸಂಕೇತಗಳ ಪಾತ್ರ ದೊಡ್ಡದೆಂದು ಇದರಿಂದ ತಿಳಿದುಬರುತ್ತದೆ.

ಕ್ರೀಡಾಪಟುಗಳಲ್ಲಿ ನೋವನ್ನು ಸಹಿಸುವ ಶಕ್ತಿ ಇತರರಿಗಿಂತ ಹೆಚ್ಚಾಗಿರುತ್ತದೆ. ಆದರೆ ನೋವು ಮೊದಲು ಅರಿವಿಗೆ ಬರುವ ಹಂತದಲ್ಲಿ ಅಷ್ಟು ಸ್ಪಷ್ಟವಾದ ವ್ಯತ್ಯಾಸ ಕಂಡುಬಂದಿಲ್ಲ.

ಮಾನಸಿಕ ವಿಧಾನಗಳು

* ದೂರವನ್ನು ತುಂಡರಿಸುವುದು: ಒಟ್ಟು ದೂರವನ್ನು ಎಣಿಸದೆ, ಮುಂದಿನ ಊರು ಅಥವಾ ಮುಂದಿನ ತಂಗುದಾಣವನ್ನಷ್ಟೇ ಗುರಿಯಾಗಿಸಿಕೊಳ್ಳುವುದು.
* ಸ್ವಗತ: ತನಗೆ ತಾನೇ ಧೈರ್ಯದ ಮಾತು ಹೇಳಿಕೊಳ್ಳುವುದು. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎರಡು ವಾರ ಇದನ್ನು ಅಭ್ಯಾಸ ಮಾಡಿದವರು ಬಳಲಿ ನಿಲ್ಲುವವರೆಗಿನ ಅವಧಿಯನ್ನು ಸುಮಾರು ಶೇ. 18ರಷ್ಟು ಹೆಚ್ಚಿಸಿಕೊಂಡರು.
* ಗಮನದ ನಿಯಂತ್ರಣ: ಉಸಿರು ಮತ್ತು ಪೆಡಲ್‌ನ ಲಯದ ಮೇಲೆ ಗಮನವಿಡುವುದು, ಅಥವಾ ಸುತ್ತಲಿನ ದೃಶ್ಯಗಳತ್ತ ಗಮನ ಹರಿಸುವುದು.
* ಶ್ರಮದ ಅಳತೆ: ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ 6ರಿಂದ 20ರವರೆಗಿನ ಮಾಪಕದಲ್ಲಿ ತಮ್ಮ ಶ್ರಮವನ್ನು ತಾವೇ ಅಂದಾಜು ಮಾಡಿ ವೇಗವನ್ನು ಹೊಂದಿಸಿಕೊಳ್ಳುವುದು.

ಮಾನಸಿಕ ದಣಿವು ಸಹನೆಯನ್ನು ಕುಗ್ಗಿಸುತ್ತದೆ. ಸವಾರಿಗೆ ಮುನ್ನ 90 ನಿಮಿಷ ಏಕಾಗ್ರತೆ ಬೇಡುವ ಕೆಲಸ ಮಾಡಿದವರು ಬೇಗನೆ ಕೈಚೆಲ್ಲಿದರೆಂದು ಸಾಮ್ಯುಯೆಲ್ ಮಾರ್ಕೋರಾ ಮತ್ತು ಸಂಗಡಿಗರ 2009ರ ಅಧ್ಯಯನ ತಿಳಿಸುತ್ತದೆ. ಈ ಕಾರಣದಿಂದಲೂ ದೀರ್ಘ ಸವಾರಿಗಳಲ್ಲಿ ನಿದ್ರೆಯ ಯೋಜನೆ ಮುಖ್ಯವಾಗುತ್ತದೆ.

ದೈಹಿಕ ವಿಧಾನಗಳು

ಒತ್ತಡದ ನೋವನ್ನು ಸಹಿಸುವುದಕ್ಕಿಂತ ತಡೆಯುವುದೇ ಮೇಲು. ಸೀಟು ತೀರಾ ತಗ್ಗಾಗಿದ್ದರೆ ಮಂಡಿಯ ಮುಂಭಾಗದಲ್ಲಿಯೂ ತೀರಾ ಎತ್ತರವಾಗಿದ್ದರೆ ಹಿಂಭಾಗದಲ್ಲಿಯೂ ನೋವು ಬರುವ ಸಂಭವ ಹೆಚ್ಚು. ಆದುದರಿಂದ ಸೈಕಲ್ಲನ್ನು ದೇಹದ ಅಳತೆಗೆ ಹೊಂದಿಸಿಕೊಳ್ಳಲಾಗುತ್ತದೆ. ಆಗಾಗ ಸೀಟಿನಿಂದ ಎದ್ದು ತುಳಿಯುವುದು, ಹ್ಯಾಂಡಲ್ ಮೇಲೆ ಕೈಗಳ ಸ್ಥಾನ ಬದಲಿಸುವುದು, ಮೆತ್ತೆಯಿರುವ ಚಡ್ಡಿ ಧರಿಸುವುದು ಮತ್ತು ಚರ್ಮ ತರಚದಂತೆ ಮುಲಾಮು ಹಚ್ಚುವುದು ರೂಢಿಯಲ್ಲಿದೆ.

ಕರ್ನಾಟಕದಲ್ಲಿ

ಬೆಂಗಳೂರಿನಲ್ಲಿ ದೀರ್ಘದೂರ ಸವಾರಿಯ ಹವ್ಯಾಸ ಬೆಳೆದಿದೆ. ಇಲ್ಲಿ ಬ್ರೆವೆ ಎಂಬ ನಿಗದಿತ ಅವಧಿಯ ಸವಾರಿಗಳು ನಡೆಯುತ್ತವೆ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ ಮತ್ತು 600ಕ್ಕೆ 40 ಗಂಟೆಗಳ ಗಡುವು ಇರುತ್ತದೆ. ಇದು ಸ್ಪರ್ಧೆಯಲ್ಲ, ಗಡುವಿನೊಳಗೆ ಮುಗಿಸುವುದೇ ಗುರಿ. ನಗರದ ಪಶ್ಚಿಮ ಭಾಗದ ವಿಜಯನಗರ, ರಾಜಾಜಿನಗರ, ಬಸವೇಶ್ವರನಗರಗಳ ಸವಾರರಿಗೆ ಕೆಂಗೇರಿ, ಬಿಡದಿ, ರಾಮನಗರಗಳ ಮೂಲಕ ಸಾಗುವ ಮೈಸೂರು ರಸ್ತೆ ಹತ್ತಿರದ ದೀರ್ಘ ದಾರಿಯಾಗಿದೆ. ಏರುದಾರಿಯ ಅಭ್ಯಾಸಕ್ಕೆ ನಂದಿ ಬೆಟ್ಟ ಪ್ರಸಿದ್ಧವಾಗಿದೆ.

ಅಮೆರಿಕವನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟುವ, ಸುಮಾರು 4,800 ಕಿ.ಮೀ. ಉದ್ದದ ರೇಸ್ ಅಕ್ರಾಸ್ ಅಮೆರಿಕ ಸ್ಪರ್ಧೆಯ ಏಕವ್ಯಕ್ತಿ ವಿಭಾಗದಲ್ಲಿ 2010ರಲ್ಲಿ ಭಾಗವಹಿಸಿದ ಬೆಂಗಳೂರಿನ ಸಮೀಮ್ ರಿಜ್ವಿ, ಆ ವಿಭಾಗದ ಮೊದಲ ಭಾರತೀಯ ಸ್ಪರ್ಧಿ. 2017ರಲ್ಲಿ ಸೇನೆಯ ವೈದ್ಯಾಧಿಕಾರಿ ಶ್ರೀನಿವಾಸ ಗೋಕುಲನಾಥ್ ಇದನ್ನು 12 ದಿನಗಳ ಗಡುವಿನೊಳಗೆ ಪೂರೈಸಿದ ಮೊದಲ ಭಾರತೀಯರಾದರು. ಇದೇ ಸ್ಪರ್ಧೆಯಲ್ಲಿ ಕುತ್ತಿಗೆಯ ಸ್ನಾಯುಗಳು ಸಂಪೂರ್ಣ ಸೋತು ತಲೆ ಎತ್ತಲಾಗದ ಸ್ಥಿತಿ ಕೆಲವರಿಗೆ ಉಂಟಾಗುತ್ತದೆ. 1983ರಲ್ಲಿ ಇದಕ್ಕೆ ತುತ್ತಾದ ಮೈಕೆಲ್ ಶರ್ಮರ್ ಅವರಿಂದ ಇದಕ್ಕೆ 'ಶರ್ಮರ್ ಕುತ್ತಿಗೆ' ಎಂಬ ಹೆಸರು ಬಂದಿದೆ. ಮನೋಬಲದಿಂದ ಮೀರಲಾಗದ ಮಿತಿಗಳೂ ಇವೆ ಎಂಬುದಕ್ಕೆ ಇದು ನಿದರ್ಶನ.

ಔಷಧಗಳು ಮತ್ತು ಅಪಾಯಗಳು

ನೋವನ್ನು ಔಷಧದಿಂದ ಅಡಗಿಸುವ ಪ್ರಯತ್ನಗಳು ಕ್ರೀಡೆಯ ಇತಿಹಾಸದಲ್ಲಿ ದುರಂತಗಳಿಗೂ ಕಾರಣವಾಗಿವೆ. 1967ರ ಜುಲೈ 13ರಂದು ಬ್ರಿಟನ್ನಿನ ಟಾಮ್ ಸಿಂಪ್ಸನ್ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಮಾಂಟ್ ವೆಂಟೂ ಪರ್ವತವನ್ನು ಏರುತ್ತಿದ್ದಾಗ ಕುಸಿದು ಮರಣ ಹೊಂದಿದರು. ತೀವ್ರ ಬಿಸಿಲು ಮತ್ತು ದಣಿವಿನ ಜೊತೆಗೆ ಅವರ ದೇಹದಲ್ಲಿ ಆಂಫೆಟಮಿನ್ ಪತ್ತೆಯಾಗಿತ್ತು. ಟ್ರಾಮಡಾಲ್ ಎಂಬ ನೋವು ನಿವಾರಕವನ್ನು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 2019ರಲ್ಲಿ ನಿಷೇಧಿಸಿತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯು 2024ರ ಜನವರಿ 1ರಿಂದ ಸ್ಪರ್ಧೆಯ ಅವಧಿಯಲ್ಲಿ ಅದರ ಬಳಕೆಯನ್ನು ನಿಷೇಧಿಸಿದೆ. ಐಬುಪ್ರೊಫೇನ್‌ನಂತಹ ಸಾಮಾನ್ಯ ಮಾತ್ರೆಗಳೂ ದೇಹದಲ್ಲಿ ನೀರಿನಂಶ ಕಡಿಮೆಯಾಗಿರುವಾಗ ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲವು.

ಎದೆನೋವು, ತಲೆತಿರುಗು, ಮನಸ್ಸಿನ ಗೊಂದಲ, ಕಡುಬಣ್ಣದ ಮೂತ್ರ, ಮಾಯವಾಗದ ಜೋಮು ಮತ್ತು ಹೆಚ್ಚುತ್ತಲೇ ಹೋಗುವ ಕೀಲುನೋವು ಕಂಡುಬಂದರೆ ಸವಾರಿಯನ್ನು ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕಾಗುತ್ತದೆ. ಇವು ಸಹಿಸಬೇಕಾದ ಶ್ರಮದ ನೋವಿನ ಸಾಲಿಗೆ ಸೇರುವುದಿಲ್ಲ.